ನಿನ್ನೆ ಹೊತ್ತಾರೆಯಿಂದ ಏನೇನು ಮಾಡಿದೆ?

ಮಂಡ್ಯದ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಕೊನೇ ವರ್ಷದ ಮಕ್ಕಳಿಗೆ ಹೋದ ವರ್ಷ ಒಂದು ಚಿಕ್ಕ ಸಂಶೋಧನೆ ಮಾಡಲು ಕೊಟ್ಟಿದ್ದೆ. ಓದುತ್ತಾ ದುಡಿಯುವ ವಿದ್ಯಾರ್ಥಿಗಳ ಬಗ್ಗೆ. ಪ್ರಶ್ನೆಗಳನ್ನು ಮಕ್ಕಳೇ ಬರೆದುಕೊಂಡರು. ಮೊದಲನೆಯದು, "ನೀವು ಓದಿನ ಜೊತೆ ಉದ್ಯೋಗ ಮಾಡುತ್ತಿದ್ದೀರಾ?" ಹೌದು, ಇಲ್ಲ ಅಂತ ಎರಡು ಚೌಕ.

ವಾಪಸ್ ಬಂದ ಹಾಳೆಗಳಲ್ಲಿ ಹೆಚ್ಚುಕಮ್ಮಿ ಎಲ್ಲರೂ 'ಇಲ್ಲ' ಅನ್ನುವುದಕ್ಕೆ ಗುರುತು ಹಾಕಿದ್ದರು. ಹೌದು ಅಂದವರು ಬೆರಳಲ್ಲಿ ಎಣಿಸುವಷ್ಟು ಜನ.

ನನಗೆ ನಂಬಿಕೆ ಬರಲಿಲ್ಲ. ಯಾಕೆಂದರೆ 'ಇಲ್ಲ' ಅಂದವರಲ್ಲಿ ಒಬ್ಬ ಹುಡುಗ ಹಿಂದಿನ ಭಾನುವಾರವಷ್ಟೇ ಒಂದು ಮದುವೆ ಛತ್ರದಲ್ಲಿ ನನ್ನ ಎಲೆಗೆ ಪಲ್ಯ ಬಡಿಸಿದ್ದ. ನನ್ನನ್ನು ನೋಡಿ ತಲೆ ತಗ್ಗಿಸಿಕೊಂಡು ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದ. ಕ್ಲಾಸ್ ಮುಗಿದ ಮೇಲೆ ಒಬ್ಬನನ್ನೇ ಕರೆದು ಕೇಳಿದೆ. ಅವನು ಸುಳ್ಳು ಹೇಳಿರಲಿಲ್ಲ. "ಅದು ಕೆಲ್ಸ ಅಲ್ಲ ಮೇಡಂ. ಬಡ್ಸಕ್ ಹೋಯ್ತೀನಿ ಅಷ್ಟೇಯ. ಕೆಲ್ಸ ಅಂದ್ರೆ ಡಿಗ್ರಿ ಆದ್ಮೇಲೆ ಸಿಕ್ಕೋದಲ್ವಾ?" ಅಂದ.

ಅವತ್ತು ರಾತ್ರಿಯೆಲ್ಲ ನನಗೆ ಅದೇ ಯೋಚನೆ. ನಮ್ಮ ಕಡೆ ಹೊಲದಲ್ಲಿ ಮಾಡುವುದು ಗೇಯ್ಮೆ. ಬೇರೆಯವರ ಗದ್ದೆಗೆ ಹೋದರೆ ಅದು ಕೂಲಿ. ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕಂದಿರದು ಡ್ಯೂಟಿ. ಹೆಂಗಸರು ಮನೆಯಲ್ಲಿ ಮಾಡುವುದಕ್ಕೆ ಹೆಸರೇ ಇಲ್ಲ, 'ಮನೇಲಿ ಅವ್ಳೆ' ಅಂದರೆ ಮುಗಿಯಿತು. 'ಕೆಲಸ ಸಿಕ್ತಾ?' ಅಂತ ನೆಂಟರು ಕೇಳುವಾಗ ಮಾತ್ರ ಅದು ತಿಂಗಳ ಸಂಬಳದ ಕೆಲಸ. ಇನ್ನು 'ಉದ್ಯೋಗ' ಅನ್ನುವ ಪದವನ್ನು ನಾವು ಪುಸ್ತಕದಿಂದ ಎತ್ತಿ ಹಾಕಿದ್ದೆವು. ಆ ಪದವನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ. ಮಕ್ಕಳು ಸರಿಯಾಗಿಯೇ ಉತ್ತರ ಕೊಟ್ಟಿದ್ದರು. ನಾವು ಕೇಳಿದ್ದೇ ತಪ್ಪಾಗಿತ್ತು.

ಪ್ರಶ್ನೆಪಟ್ಟಿಯನ್ನು ಪೂರ್ತಿ ಪಕ್ಕಕ್ಕಿಟ್ಟೆವು. ಕೇಂದ್ರ ಸರ್ಕಾರದ ಅಂಕಿಅಂಶ ಇಲಾಖೆಯವರು 2019ರಲ್ಲಿ ಒಂದು ಸಲ, 2024ರಲ್ಲಿ ಇನ್ನೊಂದು ಸಲ ಸಮಯ ಬಳಕೆ ಸಮೀಕ್ಷೆ ಮಾಡಿದ್ದಾರೆ. ಹಿಂದಿನ ದಿನ ಬೆಳಗಿನ ಜಾವ 4 ಗಂಟೆಯಿಂದ ಈ ದಿನ ಬೆಳಗಿನ ಜಾವ 4 ಗಂಟೆಯವರೆಗೆ ಏನೇನು ಮಾಡಿದಿರಿ ಅಂತ ಅರ್ಧರ್ಧ ಗಂಟೆಯ ಲೆಕ್ಕ ಬರೆದುಕೊಳ್ಳುತ್ತಾರೆ. ನಾವೂ ಅದನ್ನೇ ಮಾಡಿದೆವು. ಒಂದು ಹಾಳೆ, 48 ಮನೆ. 'ಕೆಲಸ', 'ಉದ್ಯೋಗ' ಎರಡೂ ಪದ ಎಲ್ಲೂ ಇಲ್ಲ. ಮೇಲೆ ಇದ್ದದ್ದು ಒಂದೇ ಸಾಲು: ನಿನ್ನೆ ಹೊತ್ತಾರೆಯಿಂದ ಏನೇನು ಮಾಡಿದೆ?

ಹಾಳೆಗಳು ತುಂಬಿಕೊಂಡು ಬಂದವು. ಪೇಪರ್ ಹಾಕುವವನು, ಆಲೆಮನೆಯಲ್ಲಿ ಬೆಲ್ಲದ ಅಚ್ಚು ಹೊಡೆಯುವವನು, ಅಪ್ಪನ ಟೀ ಅಂಗಡಿಯಲ್ಲಿ ಲೋಟ ತೊಳೆದು ಕ್ಲಾಸಿಗೆ ಬರುವವನು. ಮೊಬೈಲ್ ಅಂಗಡಿಯಲ್ಲಿ ಸಂಜೆ ಕೂರುವವನು. ಬೀದಿಯ ಮಕ್ಕಳಿಗೆ ಮನೆಪಾಠ ಹೇಳುವವಳು. ಬ್ಲೌಸ್ ಹೊಲಿಯುವವಳು. ಇವರೆಲ್ಲ ಮೊದಲ ಸಲ 'ಇಲ್ಲ' ಅಂದವರೇ.

ಒಬ್ಬ ಹುಡುಗಿಯ ಹಾಳೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅವಳು ಮೊದಲು ಮೂರೇ ಸಾಲು ಬರೆದಿದ್ದಳು. ಎದ್ದೆ, ಕಾಲೇಜಿಗೆ ಬಂದೆ, ಮನೆಗೆ ಹೋಗಿ ಓದಿ ಮಲಗಿದೆ. ಗೆಳತಿಯನ್ನು ಪಕ್ಕದಲ್ಲಿ ಕೂರಿಸಿ, ಒಂದೊಂದೇ ಮನೆ ಕೇಳಿ ತುಂಬಿಸು ಅಂದೆ. ನಾಲ್ಕೂವರೆಗೆ ಏಳುವುದು. ಕೊಟ್ಟಿಗೆಯ ಸಗಣಿ ಬಾಚುವುದು. ಎರಡು ಹಸು ಕರೆಯುವುದು. ಹಾಲು ತಗೊಂಡು ಹೋಗಿ ಡೈರಿಗೆ ಹಾಕಿ ಬರುವುದು. ನೀರು ಹಿಡಿಯುವುದು, ತಿಂಡಿ ಮಾಡುವುದು, ತಮ್ಮನನ್ನು ಹೊರಡಿಸುವುದು. ಆಮೇಲೆ ಬಸ್ಸು. ಸಾಯಂಕಾಲ ಹೋಗಿ ಸೀಮೆಹುಲ್ಲು ಕುಯ್ಯುವುದು, ಮತ್ತೆ ಹಾಲು ಕರೆಯುವುದು, ಮತ್ತೆ ಡೈರಿ, ಅಡುಗೆ, ಪಾತ್ರೆ. ಓದುವುದು ಒಂಬತ್ತೂವರೆಯಿಂದ ಹತ್ತೂವರೆ. ಎಲ್ಲ ಬರೆದಾದ ಮೇಲೆ ಹಾಳೆಯನ್ನು ತಿರುಗಿಸಿಕೊಂಡು ನೋಡಿ, "ಇಷ್ಟೊಂದ್ ಮಾಡ್ತೀನಾ ನಾನು?" ಅಂತ ಗೆಳತಿಯನ್ನೇ ಕೇಳಿದಳಂತೆ.

ಇದೇ ಹುಡುಗಿಯನ್ನು ನಾನು ಒಂದು ಮಧ್ಯಾಹ್ನ ಕ್ಲಾಸಿನಲ್ಲಿ ತೂಕಡಿಸಿದಳು ಅಂತ ಎಲ್ಲರ ಮುಂದೆ ಬೈದಿದ್ದೆ. ಆ ಹಾಳೆ ಓದಿದ ದಿನ ಅದು ನೆನಪಾಗಿ ತುಂಬಾ ಸಂಕಟವಾಯಿತು. ಅವಳ ಹತ್ತಿರ ಹೋಗಿ ಹೇಳಿಕೊಂಡೆ ಕೂಡ.

ಇನ್ನು ಸರ್ಕಾರದ ಲೆಕ್ಕ ನೋಡಿ. 2017ರಿಂದ ನಡೆಯುತ್ತಿರುವ ಕಾರ್ಮಿಕ ಬಲ ಸಮೀಕ್ಷೆಯ ನಿಯಮದ ಪ್ರಕಾರ, ಹಿಂದಿನ 7 ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ವಾರದ ಲೆಕ್ಕದಲ್ಲಿ ಅವರು ದುಡಿಯುವವರೇ. ಕೈಗೆ ಕಾಸು ಬರಲೇಬೇಕು ಅಂತಿಲ್ಲ. ಮನೆಯ ಹಸುವಿನ ಹಾಲು ಕರೆದು ಡೈರಿಗೆ ಹಾಕುವವರೂ ಮನೆಯ ಕಸುಬಿಗೆ ನೆರವಾಗುವ ದುಡಿಮೆಗಾರರು ಅಂತಲೇ ಲೆಕ್ಕ. ಅಂದರೆ ನಮ್ಮ ಈ ಹುಡುಗಿ ವಾರದ ಏಳೂ ದಿನ ದುಡಿಯುವವಳು. ಇಡೀ ವರ್ಷದ ಲೆಕ್ಕಕ್ಕೆ ಬಂದರೆ ಬೇರೆ ದಾರಿ. ವರ್ಷದಲ್ಲಿ ಹೆಚ್ಚು ಕಾಲ ಏನು ಮಾಡಿದಿರಿ ಅನ್ನುವುದೇ ಅಲ್ಲಿ ಮುಖ್ಯ, ಆಗ ಇವಳು ವಿದ್ಯಾರ್ಥಿನಿ. 30 ದಿನಕ್ಕೆ ಕಮ್ಮಿ ಇಲ್ಲದಂತೆ ದುಡಿದಿದ್ದರೆ ಅದನ್ನು ಪಕ್ಕದ ಕೆಲಸ ಅಂತ ಬರೆದುಕೊಳ್ಳಬೇಕು. ನಿಯಮವೇನೋ ಚೆನ್ನಾಗಿದೆ. ಆದರೆ ಸಮೀಕ್ಷೆಯವರು ಮನೆಗೆ ಬಂದಾಗ ಒಬ್ಬರೇ ಎಲ್ಲರ ಪರವಾಗಿ ಉತ್ತರ ಹೇಳುವುದು ಸಾಮಾನ್ಯ. 'ಮಗಳು ಏನ್ ಮಾಡ್ತಾಳೆ?' ಅಂದರೆ ಅಪ್ಪ 'ಓದ್ತಾವ್ಳೆ' ಅನ್ನುತ್ತಾರೆ. ಅವರಿಗೂ ಅದೇ ಹೆಮ್ಮೆ. ಡೈರಿ ಕಾರ್ಡು ಇರುವುದೂ ಅಪ್ಪನ ಹೆಸರಿನಲ್ಲೇ.

ಈ ಪಾಠವನ್ನು ನಾನು ವರ್ಷ ವರ್ಷ ಬೋರ್ಡಿನ ಮೇಲೆ ಬರೆದು ಮಾಡಿದ್ದೇನೆ. ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದಿದ್ದಾರೆ. ತಮ್ಮ ತಮ್ಮ ಹಾಳೆ ಮುಂದಿಟ್ಟುಕೊಂಡು 'ಹಾಗಾದ್ರೆ ನಾನು ಯಾವ ಪಟ್ಟಿಗೆ ಸೇರ್ತೀನಿ ಮೇಡಂ?' ಅಂತ ಜಗಳಕ್ಕೆ ನಿಂತದ್ದು ಅವತ್ತೇ ಮೊದಲು. ಒಬ್ಬ ಯುವನಿಧಿ ಬಗ್ಗೆ ಕೇಳಿದ. ಡಿಗ್ರಿ ಮುಗಿಸಿ 180 ದಿನ ಕೆಲಸ ಸಿಗದಿದ್ದರೆ ತಿಂಗಳಿಗೆ 3000 ರೂಪಾಯಿ, ಎರಡು ವರ್ಷದವರೆಗೆ. ಡಿಪ್ಲೊಮಾ ಆದವರಿಗೆ 1500. "ಬಡ್ಸಕ್ ಹೋಗೋನು ನಿರುದ್ಯೋಗಿನಾ, ಉದ್ಯೋಗಿನಾ?" ಅಂದ. ಇಡೀ ಪಿರಿಯಡ್ ಅದರಲ್ಲೇ ಹೋಯಿತು. ಅಷ್ಟು ಒಳ್ಳೆಯ ಕ್ಲಾಸ್ ನನ್ನ ಇಷ್ಟು ವರ್ಷದಲ್ಲಿ ಆಗಿರಲಿಲ್ಲ.

ಹುಡುಗರ ಗುಂಪೊಂದು ಇನ್ನೊಂದು ಕೆಲಸ ಮಾಡಿತು, ಅದು ನನಗೆ ಹೊಳೆದೇ ಇರಲಿಲ್ಲ. ಹಾಜರಿ ಪುಸ್ತಕವನ್ನೂ ಗೋಡೆಯ ಪಂಚಾಂಗದ ಕ್ಯಾಲೆಂಡರನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತರು. ಮುಹೂರ್ತ ಜಾಸ್ತಿ ಇರುವ ವಾರಗಳಲ್ಲಿ ಹಿಂದಿನ ಬೆಂಚು ಖಾಲಿ. ಭಾನುವಾರ ಧಾರೆ ಅಂದರೆ ಶನಿವಾರ ಸಂಜೆಯೇ ಆರತಕ್ಷತೆ ಊಟ ಇರುತ್ತದೆ. ಅದು ಮುಗಿದರೆ ಬೀಗರೂಟ. ಸೋಮವಾರ ಬಾಡು ಮುಟ್ಟದ ಮನೆಗಳು ನಮ್ಮಲ್ಲಿ ಬಹಳ, ಹಾಗಾಗಿ ಬೀಗರೂಟ ಮಂಗಳವಾರಕ್ಕೋ ಬುಧವಾರಕ್ಕೋ ಹೋಗುತ್ತದೆ. ವಾರದ ಮಧ್ಯೆ ಹಾಜರಿ ಬೀಳುವುದು ಅದಕ್ಕೇ. ಆಷಾಢ ಬಂತು ಅಂದರೆ ಎಲ್ಲರೂ ಕ್ಲಾಸಿನಲ್ಲಿ. ಧನುರ್ಮಾಸದಲ್ಲೂ ಹಾಗೇ. ನಾವು ಸ್ಟಾಫ್ ರೂಮಿನಲ್ಲಿ 'ಈ ಬ್ಯಾಚ್ ಸೀರಿಯಸ್ ಇಲ್ಲ' ಅಂತ ಮಾತಾಡಿಕೊಳ್ಳುತ್ತಿದ್ದೆವು. ಆಷಾಢದಲ್ಲಿ ಅವರ ಜೇಬಿನಲ್ಲಿ ಬಸ್ಸಿನ ಕಾಸೂ ಇರುವುದಿಲ್ಲ ಅನ್ನುವುದು ಆ ಹಾಳೆಗಳಿಂದಲೇ ನಮಗೆ ಗೊತ್ತಾದದ್ದು. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಬಸ್ ಇದೆ, ಅದೊಂದು ದೊಡ್ಡ ಆಸರೆ.

ಮೈಸೂರಿನಲ್ಲಿ ಓದುವ ನನ್ನ ಅಕ್ಕನ ಮಗ ಇದೇ ಹಾಳೆಯನ್ನು ಪಡುವಾರಹಳ್ಳಿಯ ತನ್ನ ರೂಮಿನವರಿಗೆ, ಅಕ್ಕಪಕ್ಕದವರಿಗೆ ಕೊಟ್ಟು ತುಂಬಿಸಿದ. ಅಲ್ಲಿ ಹಸು ಇಲ್ಲ, ಬೈಕ್ ಇದೆ. ರಾತ್ರಿ ಹನ್ನೊಂದರವರೆಗೂ ಊಟದ ಡೆಲಿವರಿ. 2025ರಲ್ಲಿ ನಮ್ಮ ರಾಜ್ಯ ಇಂಥ ಆ್ಯಪ್ ಕಾರ್ಮಿಕರಿಗಾಗಿ ಒಂದು ಕಾನೂನು ಮಾಡಿದೆ. ಆ ಹುಡುಗರಲ್ಲಿ ಯಾರೂ ತಾವು ಕಾರ್ಮಿಕರು ಅಂತ ಅಂದುಕೊಂಡೇ ಇರಲಿಲ್ಲ ಅಂತ ಅವನು ಹೇಳಿದ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಡಿಗ್ರಿ ಮಕ್ಕಳ ಪ್ರಾಜೆಕ್ಟ್ ಅಂದರೆ ನಮ್ಮಲ್ಲಿ ಏನಾಗಿದೆ? ಜೆರಾಕ್ಸ್ ಅಂಗಡಿಯಲ್ಲಿ ಹಳೇ ಬ್ಯಾಚಿನದು ಸಿಗುತ್ತದೆ. ಹೆಸರು, ರಿಜಿಸ್ಟರ್ ನಂಬರ್ ಬದಲಾಯಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿದರೆ ಆಯಿತು. ಈಗ ಮೊಬೈಲಿನಲ್ಲಿ ಕೇಳಿದರೆ ಎಐ ಐದು ನಿಮಿಷದಲ್ಲಿ ಬರೆದುಕೊಡುತ್ತದೆ. ನಾನು ಓದುವಾಗ ಹಾಸ್ಟೆಲಿನ ಮಂಚದ ಮೇಲೆ ಕೂತು, ನಾಲ್ಕು ಬಣ್ಣದ ಪೆನ್ನಿನಲ್ಲಿ ಪ್ರಶ್ನಾವಳಿಗಳನ್ನೆಲ್ಲ ನಾನೇ ತುಂಬಿದ್ದೆ. ಮಹಿಳಾ ಕಾರ್ಮಿಕರ ಬಗ್ಗೆ ಪ್ರಾಜೆಕ್ಟ್ ಅದು. ಒಬ್ಬ ಕಾರ್ಮಿಕ ಹೆಂಗಸನ್ನೂ ಮಾತಾಡಿಸಲಿಲ್ಲ. ಒಳ್ಳೆಯ ಅಂಕ ಬಂತು. ನನ್ನ ಸ್ವಂತ ಅಮ್ಮ ಆಗ ಕಬ್ಬಿನ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು. ಅವಳನ್ನೇ ಕೇಳಿದ್ದರೆ ಆಗುತ್ತಿತ್ತು. ಕೇಳಬಹುದು ಅಂತ ನನಗೆ ಯಾರೂ ಹೇಳಿಕೊಡಲಿಲ್ಲ. ಆ ನೋವು ಈಗಲೂ ಇದೆ.

ಮಂಡ್ಯದಲ್ಲಿ ಇದನ್ನು ಹೇಳಲು ಇನ್ನೂ ಒಂದು ಕಾರಣವಿದೆ. 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಅನ್ನುವ ಸಂಶೋಧಕಿ ಇಂಗ್ಲೆಂಡಿನಿಂದ ಬಂದು ನಮ್ಮ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಎರಡು ವರ್ಷ ಇದ್ದರು. ಊರಿನ ನಿಜವಾದ ಹೆಸರು ಹಾಕದೆ ಒಂದಕ್ಕೆ ವಂಗಲ, ಇನ್ನೊಂದಕ್ಕೆ ದಲೇನ ಅಂತ ಕರೆದರು. ವಂಗಲಕ್ಕೆ ನಾಲೆ ನೀರು ಬಂತು. ದಲೇನ ಎತ್ತರದಲ್ಲಿದ್ದದ್ದರಿಂದ ಒಣಗೇ ಉಳಿಯಿತು. ನೀರು ಬಂದ ಊರು ಕಬ್ಬು ಬೆಳೆದುಕೊಂಡು ಬೇಸಾಯದಲ್ಲೇ ನಿಂತಿತು. ನೀರು ಬಾರದ ಊರಿನ ಜನ ಗಾಡಿ ಹೊಡೆದರು, ಮಂಡ್ಯಕ್ಕೆ ಫ್ಯಾಕ್ಟರಿ ಕೆಲಸಕ್ಕೆ ಹೋದರು, ವ್ಯಾಪಾರಕ್ಕೆ ಇಳಿದರು. ಬದುಕಿನ ರೀತಿ ಅಲ್ಲೇ ಹೆಚ್ಚು ಬದಲಾಯಿತು. ಮನೆಮನೆಗೆ ಹೋಗಿ, ಯಾರು ಎಷ್ಟು ಹೊತ್ತು ಏನು ಮಾಡುತ್ತಾರೆ, ಯಾರಿಗೆ ಎಷ್ಟು ಸಾಲ ಇದೆ ಅಂತ ಕೇಳಿ ಬರೆದುಕೊಂಡದ್ದರಿಂದ ಇದು ಗೊತ್ತಾಯಿತು. 1970ರಲ್ಲಿ ಅವರು ಮತ್ತೆ ಬಂದು ಅದೇ ಊರುಗಳನ್ನು ನೋಡಿದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯಲ್ಲಿ ಉಳಿದುಕೊಂಡು ಮಾಡಿದ್ದೂ ಇಂಥದ್ದೇ. ಅಂಥ ಊರುಗಳ ಮೊಮ್ಮಕ್ಕಳು ಈಗ ನಮ್ಮ ಬೆಂಚಿನ ಮೇಲೆ ಕೂತಿದ್ದಾರೆ. ಅವರ ಅಜ್ಜಅಜ್ಜಿಯರನ್ನು ಹೊರಗಿನವರು ಕೇಳಿ ಬರೆದುಕೊಂಡು ಹೋದರು. ಈ ಮಕ್ಕಳು ತಮ್ಮ ಅಪ್ಪಅಮ್ಮನನ್ನು, ತಮ್ಮನ್ನೇ ಕೇಳಿಕೊಳ್ಳಲಿ ಅನ್ನುವುದು ನನ್ನ ಆಸೆ. ಇವರಿಗೆ ಭಾಷೆ ಗೊತ್ತು. ಗೇಯ್ಮೆಗೂ ಕೂಲಿಗೂ ಇರುವ ವ್ಯತ್ಯಾಸ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಸಂಶೋಧನೆಗೆ ಡಿಗ್ರಿಯಲ್ಲಿ ನಾಲ್ಕನೇ ವರ್ಷ ಬೇಕು ಅಂತ ಕೆಲವರು ಹೇಳುತ್ತಾರೆ. ಕೇಂದ್ರದ ಹೊಸ ಶಿಕ್ಷಣ ನೀತಿಯನ್ನು ಮೊದಲು ಜಾರಿಗೆ ತಂದ ರಾಜ್ಯ ನಮ್ಮದು, 2021-22ರಲ್ಲಿ. ನಾಲ್ಕು ವರ್ಷದ ಆನರ್ಸ್, ಅದರಲ್ಲಿ ಸಂಶೋಧನೆ ಅಂತ ಇತ್ತು. ಸುಖದೇವ್ ಥೋರಟ್ ಅವರ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಬಂದ ಮೇಲೆ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಆಯಿತು. ನನಗೆ ಅದರಲ್ಲಿ ಬೇಜಾರಿಲ್ಲ. ಇನ್ನೊಂದು ವರ್ಷ ಮಗಳನ್ನು ಓದಿಸುವ ಶಕ್ತಿ ಎಷ್ಟು ಮನೆಗಳಿಗಿದೆ ಹೇಳಿ. ನಾಲ್ಕನೇ ವರ್ಷದ ಸಂಶೋಧನೆ ಅನುಕೂಲಸ್ಥರ ಪಾಲಾಗುತ್ತಿತ್ತು ಅಂತಲೇ ನನ್ನ ಭಯ. ಆದರೆ ವರ್ಷ ಹೋಯಿತು ಅಂತ ಸಂಶೋಧನೆಯನ್ನೂ ಕೈಬಿಟ್ಟರೆ ಅನ್ಯಾಯ. ನಾವು ಮಾಡಿದ್ದು ಇಂಟರ್ನಲ್ ಅಂಕದ ಅಸೈನ್‌ಮೆಂಟ್ ಆಗಿ. ಖರ್ಚು ಜೆರಾಕ್ಸಿನದು ಮಾತ್ರ.

ಒಂದು ಎಚ್ಚರಿಕೆ ಬೇಕೇ ಬೇಕು. ಹಾಳೆ ಮೇಲೆ ಹೆಸರು ಬೇಡ. ಬರೆದವರು ತಾವಾಗಿ ಬಂದು ತೋರಿಸಿದರೆ ನೋಡಿ, ಇಲ್ಲದಿದ್ದರೆ ಮಡಚಿ ಡಬ್ಬಕ್ಕೆ ಹಾಕಲಿ. ಒಬ್ಬ ಹುಡುಗ ಹಾಳೆ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. "ನಮ್ಮಪ್ಪಂಗ್ ಗೊತ್ತಾಗಲ್ವಾ ಮೇಡಂ?" ಅಂದ. ಅವನು ಭಾನುವಾರ ಲೈಬ್ರರಿಗೆ ಹೋಗುತ್ತಾನೆ ಅಂತ ಮನೆಯವರು ನಂಬಿದ್ದಾರೆ. ಹೋಗುವುದು ಗಾರೆ ಕೆಲಸಕ್ಕೆ. ಫೀಸು ಕಟ್ಟಿದ್ದು ಅದರಲ್ಲೇ. ಅವನು ಹಾಳೆ ಹಾಕದೆ ಹೋದ, ನಾನು ಒತ್ತಾಯ ಮಾಡಲಿಲ್ಲ. ಎರಡು ದಿನ ಬಿಟ್ಟು ಅವನೇ ಡಬ್ಬಕ್ಕೆ ಹಾಕಿದ. ಹೀಗೆ ಬರೆಯಬಹುದಾ ಅಂತ ಅವನನ್ನು ಕೇಳಿಕೊಂಡೇ ಇಲ್ಲಿ ಬರೆದಿದ್ದೇನೆ.

ಇದೆಲ್ಲ ಆದ ಮೇಲೆ ನಮ್ಮ ವಿಭಾಗದಲ್ಲಿ ಎರಡು ಬದಲಾವಣೆ ಮಾಡಿಕೊಂಡೆವು. ಬೆಳಿಗ್ಗೆ ಮೊದಲ ಪಿರಿಯಡ್‌ನಲ್ಲಿ ಟೆಸ್ಟ್ ಇಡುವುದನ್ನು ಬಿಟ್ಟು ಹನ್ನೊಂದೂವರೆಗೆ ಇಡುತ್ತಿದ್ದೇವೆ. ಸಂಜೆಯ ಸ್ಪೆಷಲ್ ಕ್ಲಾಸನ್ನು ಮಧ್ಯಾಹ್ನಕ್ಕೆ ತಂದೆವು, ಹುಲ್ಲು ಕುಯ್ಯುವ ಹೊತ್ತಿಗೆ ಹೆಣ್ಣುಮಕ್ಕಳು ಊರು ಸೇರಲಿ ಅಂತ.

ಈ ವರ್ಷ ಆಷಾಢದಲ್ಲಿ ಒಂದು ಸಲ, ಶ್ರಾವಣದಲ್ಲಿ ಮದುವೆಗಳು ಶುರುವಾದ ಮೇಲೆ ಇನ್ನೊಂದು ಸಲ, ಎರಡೂ ಸಲ ಒಂದೇ ಮಕ್ಕಳಿಂದ ಹಾಳೆ ತುಂಬಿಸುತ್ತಿದ್ದೇವೆ. ಮದ್ದೂರು, ಮಳವಳ್ಳಿ, ಕೆ.ಆರ್. ಪೇಟೆ, ನಾಗಮಂಗಲದ ಕಾಲೇಜುಗಳ ಮೇಷ್ಟ್ರುಗಳು, ಮೇಡಂಗಳು ಯಾರಾದರೂ ಜೊತೆಗೆ ಬರುವುದಾದರೆ ಇಲ್ಲೇ ಒಂದು ಮಾತು ಹೇಳಿ. 48 ಮನೆಯ ಹಾಳೆಯನ್ನು ಕಳಿಸಿಕೊಡುತ್ತೇನೆ.