ಎಣ್ಣೆ ಹಾಕಿದರೆ ಸದ್ದು ಅಡಗುತ್ತಾ?

ಕೆಳಗಿನ ಮನೆಯ ಅಜ್ಜಿ ನಮ್ಮ ಅಂಚೆ ಡಬ್ಬಕ್ಕೆ ಒಂದು ಚೀಟಿ ಹಾಕಿದ್ದರು: ‘ದಯವಿಟ್ಟು ರಾತ್ರಿ ಹೊತ್ತು ಹೊಲಿಗೆ ಮಷೀನ್ ಓಡಿಸಬೇಡಿ.’ ನಮ್ಮ ಮನೆಯಲ್ಲಿ ಹೊಲಿಗೆ ಮಷೀನೇ ಇಲ್ಲ. ಇರುವುದು ಗುಂಡ, ಮಗಳು ಸಾಕಿದ ಹ್ಯಾಮ್‌ಸ್ಟರ್, ಅಂದರೆ ಇಲಿಯಂಥ ಒಂದು ಪುಟ್ಟ ಪ್ರಾಣಿ. ಹಗಲೆಲ್ಲಾ ಗೊರಕೆ, ರಾತ್ರಿಯಾದರೆ ಓಟ. ಪಂಜರದಲ್ಲಿ ಅವನು ಒಳಗೆ ಹತ್ತಿ ಓಡಲೆಂದು ಅಂಗಡಿಯಿಂದ ತಂದ ತಂತಿ ಚಕ್ರ ಕಿರ್‌ಕಿರ್, ಟಕಟಕ ಅಂತ ಬೆಳಗಿನ ಜಾವದವರೆಗೂ ಸುತ್ತುತ್ತಿತ್ತು.

ಇಲ್ಲಿ ಮ್ಯೂನಿಕ್‌ನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡಬಾರದು. ನಮ್ಮಲ್ಲೂ 2000ದ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ ಅಂದರೆ ಅದೇ 10ರಿಂದ 6. ಕಾಗದದ ಮೇಲೆ ಇಬ್ಬರೂ ಒಂದೇ. ಆದರೆ ತಿಪಟೂರಿನಲ್ಲಿ ಪಕ್ಕದ ಮನೆ ಫ್ಯಾನ್ ಕಿರುಗುಟ್ಟಿತು ಅಂತ ಯಾರಾದರೂ ಚೀಟಿ ಬರೆದದ್ದು ನಾನಂತೂ ಕಂಡಿಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ‘ಪಾಪ, ಮೂಕಪ್ರಾಣೀನ ಗಾಣದೆತ್ತಿನ ತರ ಸುತ್ತಿಸ್ತೀಯಲ್ಲೋ’ ಅಂತ ಮೊದಲು ಬೈದರು. ಆಮೇಲೆ, ‘ಒಂಚೂರು ಕೊಬ್ಬರಿ ಎಣ್ಣೆ ಬಿಡು, ಸರಿಹೋಗತ್ತೆ’ ಅಂದರು.

ಗಾಣದೆತ್ತಿನ ಮಾತು ನನಗೂ ಚುಚ್ಚಿತ್ತು. ಆದರೆ ಗಾಣದೆತ್ತನ್ನು ನಾವು ಸುತ್ತಿಸುತ್ತೇವೆ, ಗುಂಡನಿಗೆ ಓಡು ಅಂತ ಯಾರೂ ಬಲವಂತ ಮಾಡುವುದಿಲ್ಲ. ನೆದರ್ಲೆಂಡ್ಸ್‌ನ ಲೈಡನ್‌ನ ಸಂಶೋಧಕರು ಬಯಲಲ್ಲಿ ಇಂಥ ಚಕ್ರ ಇಟ್ಟು ಕ್ಯಾಮೆರಾ ಹಾಕಿ ನೋಡಿದ್ದರು. 2014ರಲ್ಲಿ ಅದು ಪ್ರಕಟವಾಯಿತು. ಯಾರ ಪಂಜರದಲ್ಲೂ ಇಲ್ಲದ ಕಾಡಿಲಿಗಳು ತಾವಾಗೇ ಬಂದು ಓಡಿ ಹೋಗಿದ್ದವು. ಕಪ್ಪೆ, ಚಿಪ್ಪಿಲ್ಲದ ಬಸವನಹುಳು ಕೂಡ ಹತ್ತಿ ನೋಡಿದ್ದವಂತೆ!

ಇನ್ನು ಎಣ್ಣೆ. ಬಾವಿ ರಾಟೆ ಕಿರುಗುಟ್ಟಿದರೆ ಎಣ್ಣೆ, ಗಾಡಿ ಅಚ್ಚಿಗೆ ಕೀಲೆಣ್ಣೆ, ಬಾಗಿಲಿಗೂ ಎಣ್ಣೆ. ನಾವು ಬೆಳೆದದ್ದೇ ಹಾಗೆ. ನಾನೂ ಕೊಬ್ಬರಿ ಎಣ್ಣೆ ಬಿಟ್ಟೆ. ಎರಡು ದಿನ ಸದ್ದಿಲ್ಲ. ಮೂರನೇ ದಿನ ಚಳಿ ಬಿತ್ತು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ತಿಪಟೂರಿನವನಾಗಿ ನನಗೆ ಅದು ಗೊತ್ತಿರಬೇಕಿತ್ತು. ಅಚ್ಚಿನ ಸುತ್ತ ಬೆಳ್ಳಗೆ ತುಪ್ಪದ ಹಾಗೆ ಕೂತು, ಅದಕ್ಕೆ ಗುಂಡನ ಕೂದಲು, ಮರದ ಹೊಟ್ಟು ಎಲ್ಲಾ ಮೆತ್ತಿಕೊಂಡಿತ್ತು. ಗುಂಡ ಅದನ್ನು ನೆಕ್ಕುತ್ತಾ ಕೂತಿದ್ದ.

ಇಲ್ಲಿನವರ ದಾರಿ ಬೇರೆ. ಆಫೀಸಿನ ಜರ್ಮನ್ ಗೆಳೆಯನೊಬ್ಬ ಎಣ್ಣೆಯ ಮಾತೇ ಎತ್ತಲಿಲ್ಲ. ‘ನಿನ್ನ ಚಕ್ರದ ವ್ಯಾಸ ಎಷ್ಟು?’ ಅಂದ. ಅಳೆದೆ, 17 ಸೆಂಟಿಮೀಟರ್. ಗುಂಡ ಸಿರಿಯನ್ ಜಾತಿಯವನು, ಓಡುವಾಗ ಬೆನ್ನು ನೆಟ್ಟಗಿರಬೇಕಾದರೆ 28–30 ಬೇಕು. ನಾನು ಸದ್ದಿನ ಚಿಂತೆಯಲ್ಲಿ ಅವನ ಬೆನ್ನು ನೋಡಿರಲೇ ಇಲ್ಲ. ಬಿಲ್ಲಿನ ಹಾಗೆ ಬಾಗಿತ್ತು. ತಂತಿ ಸಂದಿಯಲ್ಲಿ ಕಾಲು ಸಿಕ್ಕಿ ಮುರಿಯುವ ಭಯ ಬೇರೆ. ಹಾಗಂತ ಜರ್ಮನ್ನರನ್ನು ಹೊಗಳಲು ಹೊರಟಿಲ್ಲ. ಆ ತಂತಿ ಚಕ್ರ ಮಾರಿದ್ದೂ ಇಲ್ಲಿನ ಅಂಗಡಿಯೇ ಅಲ್ವಾ?

ಕೂಲಿ ದುಬಾರಿ, ಹಾಗಾಗಿ ನಾನೇ ಮಾಡಿದೆ. ಹಿಂದೆ 30 ಸೆಂಟಿಮೀಟರ್ ಪ್ಲೈವುಡ್ ತಟ್ಟೆ, ಮುಂದೆ ಅಷ್ಟೇ ಅಗಲದ ಬಳೆ, ನಡುವೆ ಮರದ ಪಟ್ಟಿಗಳು, ಒಳಗೆ ಸುತ್ತಲೂ ಸಂದಿ ಬಿಡದೆ ಕಾರ್ಕ್ ಹಾಳೆ. ಮಗಳ ಹಳೇ ಸ್ಕೇಟ್ಸ್ ಬಿಚ್ಚಿ ಬೇರಿಂಗ್ ತೆಗೆದೆ. ಒಳಗಿನ ತೂತು 8 ಮಿಲಿಮೀಟರ್, ಹೊರಗಿನ ವ್ಯಾಸ 22. ಎಂಟರ ಬೋಲ್ಟ್ ಸರಿಯಾಗಿ ಕೂರುತ್ತದೆ. ಈ ಬಿಚ್ಚಿ ಬಳಸುವ ಬುದ್ಧಿ ಮಾತ್ರ ಅಪ್ಪಟ ನಮ್ಮ ಊರಿನದು. ಒಂದೇ ಬೇರಿಂಗ್ ಹಾಕಿದಾಗ ಚಕ್ರ ತಲೆ ಅಲ್ಲಾಡಿಸಿತು. ದಪ್ಪ ಮರದ ತುಂಡಿನ ಆ ಕಡೆ ಒಂದು, ಈ ಕಡೆ ಒಂದು ಕೂರಿಸಿದ ಮೇಲೆ ಅಲ್ಲಾಟ ನಿಂತಿತು. ಚಕ್ರ ಸುತ್ತಿಸಿ ಬಿಟ್ಟಾಗ ಪ್ರತಿಸಲ ಒಂದೇ ಜಾಗ ಕೆಳಗೆ ಬಂದು ನಿಲ್ಲುತ್ತಿತ್ತು. ಅಂದರೆ ಆ ಕಡೆ ಭಾರ ಜಾಸ್ತಿ. ಹಿಂದಿನಿಂದ ಉಜ್ಜಿ ಉಜ್ಜಿ ಸಮ ಮಾಡಿದೆ. ಊರಿನ ಆಚಾರಿ ಆಗಿದ್ದರೆ ಅರ್ಧ ದಿನದ ಕೆಲಸ. ‘ಇಲಿಗೆ ಇಷ್ಟು ದೊಡ್ಡದ್ಯಾಕೆ ಸ್ವಾಮಿ?’ ಅಂತ ಚಿಕ್ಕದು ಮಾಡಿಕೊಡುತ್ತಿದ್ದರೇನೋ. ನನಗೆ ಮೂರು ವಾರಾಂತ್ಯ ಹಿಡಿಯಿತು.

ಇಷ್ಟಾದರೂ ಗುಂಯ್ ಅನ್ನುವ ಸದ್ದು ಉಳಿಯಿತು. ಒಂದು ರಾತ್ರಿ ಪಂಜರದ ತಳಕ್ಕೆ ಕೈ ಒತ್ತಿ ಹಿಡಿದೆ, ಸದ್ದು ನಿಂತಿತು. ಕೈ ಬಿಟ್ಟರೆ ಮತ್ತೆ. ಚಕ್ರದ್ದೇನೂ ತಪ್ಪಿಲ್ಲ, ತೆಳು ಪ್ಲಾಸ್ಟಿಕ್ ತಳ ತಮಟೆಯಾಗಿತ್ತು. ಚಕ್ರದ ಕಾಲನ್ನು ಒಂದು ನೆಲದ ಟೈಲ್ ಮೇಲೆ ನಿಲ್ಲಿಸಿ, ಅದರಡಿ ಕಾರ್ಕ್ ಹಾಕಿದೆ. ಎಣ್ಣೆ ಸುರಿದು ಸುರಿದು ನಾನು ಹುಡುಕಿದ್ದೇ ತಪ್ಪು ಜಾಗದಲ್ಲಿ.

ಈಗ ಕಿವಿಗೊಟ್ಟರೆ ಕೇಳುವುದು ಕಾರ್ಕ್ ಮೇಲೆ ಪುಟ್ಟ ಪಾದಗಳ ಪಟಪಟ ಅಷ್ಟೇ. ಮೊನ್ನೆ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕರು. ಚೀಟಿಗೆ ಉತ್ತರವಾಗಿ ಗುಂಡನ ವಿಷಯ ಆಗಲೇ ತಿಳಿಸಿದ್ದೆ. ದನಿ ತಗ್ಗಿಸಿ, ‘ನಿಮ್ಮ ಇಲಿ ತೀರಿಹೋಯ್ತಾ?’ ಅಂತ ಕೇಳಿದರು.