ವೆರಿ ವೆರಿ ಯುನೀಕ್

ಬೆಳಿಗ್ಗೆ ಒಂಬತ್ತೂಕಾಲು. ಲೋಟದಲ್ಲಿ ಇನ್ನೂ ಅರ್ಧ ಕಾಫಿ ಇತ್ತು. ಇಡೀ ಆಫೀಸಿಗೆ ಒಂದು ಮೇಲ್ ಬಂದು ಬಿತ್ತು: 'ಅವರ್ ಡಿಸೈನ್ ಈಸ್ ವೆರಿ ವೆರಿ ಯುನೀಕ್.' ಹೋಗಲಿ ಬಿಡು ಅನ್ನಬಹುದಿತ್ತು. ಆದರೆ ಕೊನೆಯ ಸಾಲಿನಲ್ಲಿ, ಇಂಗ್ಲಿಷ್ ತಿದ್ದಿದವರು ಅಂತ ನನ್ನ ಹೆಸರು!

ನಿನ್ನೆ ಸಂಜೆ ಮುಕ್ಕಾಲು ಗಂಟೆ ಕೂತು ಆ 'ವೆರಿ'ಯನ್ನು ಕಿತ್ತು ಹಾಕಿದ್ದೆ. ರಾತ್ರೋರಾತ್ರಿ ಅದು ಜೋಡಿ ಕಟ್ಟಿಕೊಂಡು ವಾಪಸ್ ಬಂದಿದೆ.

ಬರೆದವನು ನನ್ನ ಪಕ್ಕದ ಸೀಟಿನ ಹುಡುಗ. ಚೀನಾದ ಛಂಗ್ದು ಕಡೆಯವನು. ನನ್ನ ಹಾಗೇ ಸಿಂಗಪುರಕ್ಕೆ ಹೊಟ್ಟೆಪಾಡಿಗೆ ಬಂದವನು. ಭಾರತದವರಿಗೆಲ್ಲ ಇಂಗ್ಲಿಷ್ ಹುಟ್ಟಿನಿಂದಲೇ ಬರುತ್ತೆ ಅಂತ ಅವನ ನಂಬಿಕೆ. ನಾನು ತಿಪಟೂರಿನಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವನು ಮಾರಾಯ ಅಂದರೂ ಕೇಳಲ್ಲ. 'ಲಾವ್‌ಶೀ' ಅಂತಾನೆ. ಅಂದರೆ ಮೇಷ್ಟ್ರೇ ಅಂತ. ಹಾಗೆ ಕರೆದರೆ ಆಗಲ್ಲ ಅನ್ನೋಕೆ ಬಾಯಿ ಬರುತ್ತಾ? ಅಲ್ಲೇ ನಾನು ಹಳ್ಳಕ್ಕೆ ಬಿದ್ದಿದ್ದು.

ಮೊದಮೊದಲು 'ಆ್ಯನ್ ಯುನೀಕ್' ಅಂತ ಬರೆಯುತ್ತಿದ್ದ. ಟಿಶ್ಯೂ ಪೇಪರ್ ಮೇಲೆ ಕನ್ನಡದಲ್ಲಿ 'ಯುನೀಕ್' ಅಂತ ಬರೆದು, ನೋಡಪ್ಪ, ಇದು ಶುರುವಾಗೋದು 'ಯ'ದಿಂದ, 'ಉ'ದಿಂದ ಅಲ್ಲ, ಅದಕ್ಕೇ ಬರೀ 'ಎ' ಅಂದೆ. ಆ ಟಿಶ್ಯೂ ಈಗಲೂ ಅವನ ಮಾನಿಟರಿಗೆ ಅಂಟಿಕೊಂಡಿದೆ. ಆಮೇಲೊಂದು ದಿನ ತಡವಾಗಿ ಬಂದವನು 'ನಮ್ಮ ಬ್ಲಾಕಿನ ಯುನೀಕ್ ಲಿಫ್ಟ್ ಕೆಟ್ಟಿದೆ' ಅಂತ ಮೆಸೇಜ್ ಹಾಕಿದ. ಇರೋದೊಂದೇ ಲಿಫ್ಟ್ ಅನ್ನೋದು ಅವನ ಅರ್ಥ. ಅವರ 'ವೇಯ್‌ಯೀ' ಪದಕ್ಕೆ ಡಿಕ್ಷನರಿಯಲ್ಲಿ 'ಓನ್ಲಿ', 'ಯುನೀಕ್' ಎರಡೂ ಅಕ್ಕಪಕ್ಕ ಕೂತಿರುತ್ತವೆ. ಇವನು ಭಾರಿ ಕಾಣುವುದನ್ನೇ ಎತ್ತಿಕೊಂಡು ಬರುತ್ತಾನೆ. ಅದನ್ನೂ ಹೇಗೋ ದಾಟಿದೆವು.

ದಾಟೋಕಾಗದೆ ಇರೋದು ಈ 'ವೆರಿ'. ಒಂದೇ ಒಂದು ಇರೋ ವಸ್ತುವಿಗೆ 'ತುಂಬಾ ಒಂದೇ' ಅಂತಾರಾ ಅಂದೆ. ತಲೆಯಾಡಿಸಿ 'ಮೋರ್ ಯುನೀಕ್' ಅಂತ ಬರೆದು ತಂದ. ಹೊಡೆದು ಹಾಕಿದೆ. 'ಮೋಸ್ಟ್ ಯುನೀಕ್' ಬಂತು. ಅದನ್ನೂ ಹೊಡೆದೆ. ಕೊನೆಗೆ ತರಕಾರಿ ಚೌಕಾಸಿಯ ಹಾಗೆ ಇಳಿಸಿಕೊಂಡು ಬಂದ: 'ಎ ಲಿಟಲ್ ಯುನೀಕ್? ಓಕೆ, ಲಾವ್‌ಶೀ?' ಆಧಾರ್ ಉದಾಹರಣೆ ಕೊಟ್ಟೆ. 12 ಅಂಕಿ, ಅದು ನನಗೊಬ್ಬನಿಗೇ, ಬೇರೆ ಯಾರಿಗೂ ಇಲ್ಲ. ಕಣ್ಣರಳಿಸಿದ. 'ವಾ! ವೆರಿ ಯುನೀಕ್!'

ಹಾಗಂತ ಪೂರ್ತಿ ಅವನದೇ ತಪ್ಪು ಅನ್ನೋಕೂ ಆಗಲ್ಲ. ಅವರಲ್ಲಿ 'ಅವನು ಎತ್ತರ' ಅನ್ನೋಕೆ 'ತಾ ಹೆನ್ ಗಾವ್' ಅಂತಾರೆ. 'ಹೆನ್' ಅಂದರೆ ತುಂಬಾ. ಆದರೆ ಅಲ್ಲಿ ಅದಕ್ಕೆ ತೂಕವೇನೂ ಇಲ್ಲ, ಮಾತು ಬೀಳದಿರಲಿ ಅಂತ ಕೊಟ್ಟ ಊರುಗೋಲು ಅಷ್ಟೆ. ಅದನ್ನು ತೆಗೆದರೆ, ಯಾರಿಗಿಂತ ಎತ್ತರ ಅಂತ ಕೇಳುವವರು ಕಾಯುತ್ತಾ ಕೂರುತ್ತಾರೆ. 'ಯುನೀಕ್'ಗೆ ಅವರು ಕಲಿಯುವ 'ದುಥ' ಅನ್ನೋ ಪದಕ್ಕೂ 'ಹೆನ್' ಸಲೀಸಾಗಿ ಅಂಟುತ್ತೆ. 'ದೂ ಯೀ ವೂ ಅರ್' ಅಂತ ಇನ್ನೊಂದಿದೆ. ಒಂದೇ, ಎರಡಿಲ್ಲ ಅಂತ. ನಮ್ಮ ಅದ್ವಿತೀಯವೇ! ಸಿಕ್ಕಿಬಿದ್ದ ಅಂದುಕೊಂಡು, ಇದಕ್ಕೆ 'ಹೆನ್' ಹಾಕ್ತೀಯಾ ಅಂದೆ. ಛೆ, ಯಾರಾದರೂ ಹಾಕ್ತಾರಾ ಅಂದ. ಮತ್ತೆ? 'ಅದು ಚೀನೀ, ಲಾವ್‌ಶೀ. ಇದು ಇಂಗ್ಲಿಷ್.'

ಒಂದು ಸಲ ಮಾತ್ರ ನಾನು ತಿದ್ದಲಿಲ್ಲ. ಯಾವುದೋ ಫಾರಂನಲ್ಲಿ 'ಐ ಆಮ್ ಎ ಯುನೀಕ್ ಚೈಲ್ಡ್' ಅಂತ ಬರೆದಿದ್ದ. ಅಬ್ಬಾ ಜಂಭವೇ ಅಂತ ನಗೋಕೆ ಹೊರಟೆ. ಒಬ್ಬನೇ ಮಗ ಅನ್ನೋದಕ್ಕೆ ಹಾಗೆ ಬರೆದಿದ್ದನಂತೆ. 1980ರಿಂದ 2015ರವರೆಗೆ ಅಲ್ಲಿನ ಪಟ್ಟಣಗಳಲ್ಲಿ ಮನೆಗೊಂದೇ ಮಗು ಅನ್ನೋದು ಕಾನೂನು. ಹೊಸ ವರ್ಷದ ರಾತ್ರಿ ಅವನ ಅಮ್ಮ ಟೇಬಲ್ ಮೇಲೆ ಮೂರು ಬಟ್ಟಲು ಇಟ್ಟು ವಿಡಿಯೋ ಕಾಲ್‌ನಲ್ಲಿ ತೋರಿಸಿದ್ದರಂತೆ. ಇವನ ಬಟ್ಟಲಿಗೂ ಅನ್ನ ಬಡಿಸಿ. ಸರಿಯಾಗಿದೆ, ಹಾಗೇ ಇರಲಿ ಅಂದೆ.

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಮಾತ್ರ ಮೇಲ್ ವಿಷಯಕ್ಕೆ ಚೆನ್ನಾಗಿ ಬೈದೆ. ಪಾಪ, ತಲೆ ತಗ್ಗಿಸಿದ. ಬೇಜಾರಾಗಿ ನನ್ನ ಡಬ್ಬಿಯ ಗೊಜ್ಜವಲಕ್ಕಿ ಮುಂದಿಟ್ಟೆ. ಬೆಳಿಗ್ಗೆ ಐದೂವರೆಗೆ ಎದ್ದು, ಹುಣಸೆಹಣ್ಣು ನೆನೆಸಿ ಮಾಡಿದ್ದು. ಒಂದು ಚಮಚ ಬಾಯಿಗೆ ಹಾಕಿಕೊಂಡ. ಅಗಿದ. ಯೋಚನೆ ಮಾಡಿದ. ಆಮೇಲೆ ನನ್ನ ಮುಖ ನೋಡಿ, ಬಲು ಎಚ್ಚರದಿಂದ, 'ಯುನೀಕ್' ಅಂದ.

ಬರೀ ಯುನೀಕ್. ಒಂದಾದರೂ 'ವೆರಿ' ಹಾಕಬಾರದಿತ್ತಾ?