ಆಕ್ಸಿಜನ್ ಎರಡೇ ಪರ್ಸೆಂಟ್, ಅದರಲ್ಲೊಂದು ಡೈಲಾಗ್

ಮೊನ್ನೆ ರಾತ್ರಿ ನಾನೂ ನನ್ನ ತಮ್ಮನೂ ಒಂದು ಬಾಹ್ಯಾಕಾಶದ ಸಿನಿಮಾ ಹಾಕಿಕೊಂಡು ಕೂತೆವು. ಸಿನಿಮಾ ಎರಡು ಗಂಟೆಯದು. ನಮಗೆ ಹಿಡಿದದ್ದು ಮೂರೂವರೆ. ಮಿಕ್ಕ ಒಂದೂವರೆ ಗಂಟೆ ಹೀರೋ ಕೊನೆಯಲ್ಲಿ ಹೇಳಿದ ನಾಲ್ಕು ಪದಕ್ಕೆ ಖರ್ಚಾಯಿತು.

ನೌಕೆಯ ಬಾಗಿಲು ಕಿತ್ತುಹೋಗಿದೆ. ಹೀರೋ ಒಂದೇ ಕೈಯಲ್ಲಿ ಕಂಬಿ ಹಿಡಿದು ನೇತಾಡುತ್ತಿದ್ದಾನೆ. ಹೆಲ್ಮೆಟ್ಟಿನೊಳಗೆ ಕೆಂಪು ದೀಪ ಮಿಣುಕುತ್ತಿದೆ, ಆಕ್ಸಿಜನ್ 2 ಪರ್ಸೆಂಟ್. ಎದುರಿಗೆ ಎಂಟು ಕಾಲಿನ ಜೀವಿ. ನಾನು ದಿಂಬು ತಬ್ಬಿಕೊಂಡು ಕೂತಿದ್ದೆ. ಆಗ ಈ ಮಹಾಶಯ ತುಟಿ ಓರೆ ಮಾಡಿ, "ಮನೆ ಖಾಲಿ ಮಾಡು, ತಮ್ಮಾ" ಅನ್ನುವ ಅರ್ಥದ ಮಾತು ಒಗೆದ. ನಾನು ತಕ್ಷಣ ಸಿನಿಮಾ ನಿಲ್ಲಿಸಿದೆ.

"ಎಂಥಾ ಡೈಲಾಗ್ ಅಕ್ಕಾ!" ತಮ್ಮ ಸೋಫಾ ಮೇಲೆ ಎದ್ದು ನಿಂತಿದ್ದ.

"ಮಣ್ಣು. ಯಾರಿಗೆ ಹೇಳಿದ್ದು ಅದು? ಅಲ್ಲಿ ಗಾಳಿಯೇ ಇಲ್ಲ. ಗಾಳಿ ಇಲ್ಲದೆ ಸದ್ದು ಹೇಗೆ ಹೋಗುತ್ತೆ?"

"ಹೆಲ್ಮೆಟ್ಟಲ್ಲಿ ರೇಡಿಯೋ ಇರುತ್ತೆ."

"ಅದರ ಹತ್ರಾನೂ ಇದೆಯಾ?"

ಎಂಟು ಕಾಲಲ್ಲಿ ಯಾವುದರಲ್ಲಾದರೂ ಹಿಡಿದುಕೊಂಡಿರಬಹುದಾ ಅಂತ ಪಾಪ, ಹಿಂದಕ್ಕೆ ಓಡಿಸಿ ನೋಡಿದ. ಇರಲಿಲ್ಲ.

ಗಾಳಿ ವಿಷಯ ಹಾಳಾಗಲಿ. ನನಗೆ ತಡೆಯಲಾಗದೆ ಹೋದದ್ದು ಆ 2 ಪರ್ಸೆಂಟ್. ಎರಡು ಮಹಡಿ ಹತ್ತಿದರೆ ನನಗೆ 'ಬಾಗಿಲು ತೆಗಿ' ಅನ್ನಲೂ ಉಸಿರು ಉಳಿದಿರುವುದಿಲ್ಲ. ಸುಮ್ನೆ ಬೆಲ್ ಒತ್ತಿ ಗೋಡೆಗೆ ಒರಗುತ್ತೇನೆ. ಇವನಿಗೆ ಸಾಯುವ ಹೊತ್ತಿನಲ್ಲಿ ತಮಾಷೆ. ಅವನಿಗೇ ಭಯ ಇಲ್ಲ ಅಂದಮೇಲೆ ನಾನ್ಯಾಕೆ ದಿಂಬು ಹಿಸುಕಿಕೊಂಡು ಕೂರಬೇಕು?

ತಮ್ಮ ಬ್ರಹ್ಮಾಸ್ತ್ರ ತೆಗೆದ. 1991ರ 'ಟರ್ಮಿನೇಟರ್ 2' ಸಿನಿಮಾ. ಅದರಲ್ಲಿ ಹೀರೋನೇ ಯಂತ್ರಮಾನವ, ವಿಲನ್‌ಗೆ ಗುಂಡು ಹೊಡೆಯುವ ಮುಂಚೆ 'ಮತ್ತೆ ಸಿಗೋಣ' ಅಂತ ಸ್ಪ್ಯಾನಿಷ್‌ನಲ್ಲಿ ಹೇಳುತ್ತಾನೆ. ಬೆರಳನ್ನೇ ಪಿಸ್ತೂಲು ಮಾಡಿ ನನ್ನ ಹಣೆಗೆ ಹಿಡಿದು, "ಹಸ್ತಾ ಲಾ ವಿಸ್ತಾ, ಬೇಬಿ. ಇದಕ್ಕೇನಂತೀಯ?"

"ಅದನ್ನ ಹೇಳೋವಾಗ ವಿಲನ್ ಹೇಗಿದ್ದ? ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿ ಬೊಂಬೆಯಾಗಿದ್ದ. ಅವನ ಮುಂದೆ ಆರಾಮಾಗಿ ಒಂದು ಭಾಷಣಾನೇ ಮಾಡಬಹುದಿತ್ತು. ಅಲ್ಲದೆ ಅದು ಕೊನೆಯೂ ಅಲ್ಲ. ಚೂರುಚೂರಾದವನು ಕರಗಿ, ಒಂದಾಗಿ, ಮತ್ತೆ ಎದ್ದು ಬರಲಿಲ್ವಾ? ಕೊನೆಯಲ್ಲಿ ಹೀರೋ ಯಂತ್ರಮಾನವ ಕಾದ ಉಕ್ಕಿನೊಳಗೆ ಮುಳುಗುವಾಗ ಒಂದು ಮಾತೂ ಇಲ್ಲ. ಹೆಬ್ಬೆರಳು ಎತ್ತಿ ತೋರಿಸ್ತಾನೆ, ಅಷ್ಟೆ. ನೀನು ಅತ್ತಿದ್ದು ಅಲ್ಲಿ."

"ನಾನೆಲ್ಲಿ ಅತ್ತೆ?"

ಅತ್ತಿದ್ದ. ಪಕ್ಕದಲ್ಲಿ ಕೂತಿದ್ದವಳು ನಾನೇ.

ಆಮೇಲೆ 1986ರ 'ಏಲಿಯನ್ಸ್' ಎಳೆದು ತಂದ. ಅಲ್ಲಿ ನಾಯಕಿ ರಿಪ್ಲಿ ಸರಕು ಎತ್ತುವ ಯಂತ್ರದೊಳಗೆ ನಿಂತು, ಮಗುವಿನ ತಂಟೆಗೆ ಬಂದ ಏಲಿಯನ್‌ಗಳ ರಾಣಿಗೆ ದೂರ ಸರಿ ಅಂತ ಬೈಯುತ್ತಾಳಲ್ಲ, ಅದು. ಇದಕ್ಕೆ ಮಾತ್ರ ನಾನು ಸೋತೆ. ಅದು ತಮಾಷೆಯಲ್ಲ, ಬೈಗುಳ. ಸಿಟ್ಟು ನೆತ್ತಿಗೇರಿದಾಗ ಬೈಗುಳಕ್ಕೆ ಎಷ್ಟು ಆಕ್ಸಿಜನ್ ಬೇಕಾದರೂ ಸಿಗುತ್ತದೆ. ಅದು ನನಗೂ ಗೊತ್ತು, ತಮ್ಮನಿಗೂ ಗೊತ್ತು.

ಹನ್ನೆರಡೂವರೆಗೆ ಅವನು ಹೊರಟ. ಬಾಗಿಲಲ್ಲಿ ತಿರುಗಿ ನಿಂತು, ಆ ನಡುರಾತ್ರಿಯಲ್ಲಿ ಕೂಲಿಂಗ್ ಗ್ಲಾಸ್ ಏರಿಸಿ, ಗೊಗ್ಗರು ದನಿಯಲ್ಲಿ "ಮತ್ತೆ ಬರ್ತೀನಿ" ಅಂದ. ಅದು 1984ರ ಮೊದಲ 'ಟರ್ಮಿನೇಟರ್'ನದು, ಅಲ್ಲೂ ಕ್ಲೈಮ್ಯಾಕ್ಸಿನಲ್ಲಿ ಬರುವುದಿಲ್ಲ, ನಡುವೆ ಪೊಲೀಸ್ ಠಾಣೆಯಲ್ಲಿ ಬರುತ್ತದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲು ಎಳೆದುಕೊಂಡು ಹೋಗಿಯೇಬಿಟ್ಟ.

ಎರಡೇ ನಿಮಿಷಕ್ಕೆ ಬೆಲ್ ಆಯಿತು.

"ಅಕ್ಕಾ, ಬೈಕ್ ಕೀ..."

ಎಂಥಾ ಅವಕಾಶ ನೋಡಿ! ಎದುರಾಳಿ ತಲೆ ತಗ್ಗಿಸಿ ನಿಂತಿದ್ದಾನೆ. ಆಕ್ಸಿಜನ್ ಬೇಕಾದಷ್ಟಿದೆ. ಒಂದೇ ಒಂದು ಪಂಚ್ ಲೈನ್ ಸಾಕು. ನಾನು "ತಗೋ" ಅಂದೆ. ಅಷ್ಟೇ ಬಂದದ್ದು.

ಅವನು ಕೆಳಗೆ ಹೋಗಿ ಬೈಕ್ ಸ್ಟಾರ್ಟ್ ಮಾಡುವಾಗ ಹೊಳೆಯಿತು, ಅದ್ಭುತವಾದದ್ದು. ಬಾಲ್ಕನಿಗೆ ಓಡಿ ಗಂಟಲು ಹರಿಯುವ ಹಾಗೆ ಕೂಗಿ ಹೇಳಿದೆ. ಅವನು ಹೆಲ್ಮೆಟ್ ಹಾಕಿಕೊಂಡಿದ್ದ. ಕೇಳಿಸಲಿಲ್ಲ. ಎದುರು ಮನೆಯಲ್ಲಿ ದೀಪ ಹತ್ತಿತು.